ಮೃಗಶಿರಕ್ಕೆ ಹೈದರಾಬಾದಿಗೆ ಹೋಗೋದಾ, ಪಂಪೇ ಸಾಕಾ? ಮನೆಯವರ ದಮ್ಮಿನ ವಿಷಯ

ಕಾರಟಗಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಮನೆಯವರು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರು. ಲಾರಿ ತೂಕ, ಚೀಲದ ಲೆಕ್ಕ, ಹಮಾಲರ ಬಟವಾಡೆ, ಎಲ್ಲಾ ಅವರ ತಲೆ ಮೇಲೆ. ಕುರ್ಚಿ ಇರುವುದು ಆಫೀಸಿನಲ್ಲಿ, ಮನುಷ್ಯ ಮಾತ್ರ ದಿನವಿಡೀ ಭತ್ತ ಸುರಿಯುವ ಜಾಗದಲ್ಲಿ.

ಕೆಲವು ವರ್ಷದಿಂದ ಅವರಿಗೆ ದಮ್ಮು ಹಿಡಿದಿದೆ. ನಡುರಾತ್ರಿ ಎದ್ದು ಕೂತುಬಿಡುತ್ತಾರೆ. ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸಪ್ಪಳ ಬರುತ್ತೆ. ಗಂಗಾವತಿಯಲ್ಲಿ ಎದೆ ಡಾಕ್ಟರಿಗೆ ತೋರಿಸಿದೆವು. ಮಷಿನ್ನಿನಲ್ಲಿ ಊದಿಸಿ ನೋಡಿ ಅಸ್ತಮಾ ಅಂದರು. ಎರಡು ಪಂಪು (ಇನ್‌ಹೇಲರ್) ಬರೆದುಕೊಟ್ಟರು. ಒಂದು ದಿನಾ ಬೆಳಿಗ್ಗೆ ಸಂಜೆ ತಗೊಳ್ಳೋದು, ಇನ್ನೊಂದು ನೀಲಿ ಬಣ್ಣದ್ದು, ಉಸಿರು ಹಿಡಿದಾಗ ಮಾತ್ರ. ನಮ್ಮ ಅತ್ತೆಯವರಿಗೆ ಈ ಪಂಪು ಕಂಡರೆ ಆಗೋದಿಲ್ಲ. "ಒಮ್ಮೆ ಬಾಯಿಗೆ ಹಚ್ಚಿಕೊಂಡರೆ ಸಾಯೋತನಕ ಬಿಡೋದಿಲ್ಲ, ಹುಚ್ಚು ಚಟ ಅದು" ಅಂತಾರೆ. ಇವರೂ ಜನರೆದುರು ಪಂಪು ತೆಗೆಯೋಕೆ ನಾಚಿಕೊಳ್ಳುತ್ತಾರೆ.

ಹಂಗಾಗಿ ಬೇರೆ ಬೇರೆ ಔಷಧಿ ನಡೆದೇ ಇವೆ. ಹೋಮಿಯೋಪತಿ ಸಿಹಿ ಗುಳಿಗೆ ಬಹಳ ದಿನ ತಗೊಂಡರು. ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದಾಯಿತು ಅಂತ ಹೇಳಲೂ ಆಗೋದಿಲ್ಲ. ಈಗ ಯುಗಾದಿ ಆದಮೇಲೆ ಅತ್ತೆಯವರ ತಮ್ಮ ಒಂದು ಪುಡಿ ತಂದುಕೊಡುತ್ತಿದ್ದಾರೆ. ಒಬ್ಬರು ಮನೆಯಲ್ಲೇ ಮಾಡಿ ಕೊಡುತ್ತಾರಂತೆ, ಪೂರ್ತಿ ಬೇರು ತೊಪ್ಪಲಿನದು ಅಂತಾರೆ. ಕಾಗದದ ಪೊಟ್ಟಣ, ಮೇಲೆ ಏನೂ ಬರೆದಿಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ಇದು ಮಾತ್ರ ಹಿಡಿದಿದೆ. ಎರಡನೇ ದಿನಕ್ಕೇ ಉಸಿರು ಹಗುರಾಯಿತು. ಊಟ ಚೆನ್ನಾಗಿ ಸೇರುತ್ತೆ, ಮುಖ ತುಂಬಿಕೊಂಡಿದೆ. ಪಂಪು ಬಿಟ್ಟೇ ಬಿಟ್ಟಿದ್ದಾರೆ.

ಈಗಿನ ವಿಷಯ ಏನಂದರೆ, ಮೃಗಶಿರಕ್ಕೆ ನಮ್ಮ ಓಣಿಯವರು ಕ್ರೂಸರ್ ಮಾಡಿಕೊಂಡು ಹೈದರಾಬಾದಿಗೆ ಮೀನಿನ ಔಷಧಿಗೆ ಹೊರಟಿದ್ದಾರೆ. ನಮಗೂ ಸೀಟು ಹಿಡಿದಿದ್ದಾರೆ. ನಾವು ಮೀನು ಮುಟ್ಟದ ಮಂದಿ, ಆದರೂ ಬೆಲ್ಲದಲ್ಲಿ ಕೊಡ್ತಾರೆ ಅಂದರು. ಖರೇನಾ? ಮೂರನೇ ಕ್ಲಾಸಿನ ಮಗಳಿಗೂ ಸೀನು, ಕೆಮ್ಮು ಇದೆ. ಅವಳಿಗೂ ಕೊಡಿಸೋಣ ಅಂತ ಅತ್ತೆಯವರ ಆಸೆ. ಹೋಗಿ ಬಂದವರು ಇದ್ದರೆ ಹೇಳಿ. ಸುಮ್ನೆ ಬೈಯೋರು ದಯವಿಟ್ಟು ಬೇಡ, ಮನೆಯಲ್ಲೇ ಸಾಕಷ್ಟು ಸಿಗುತ್ತೆ.

ರಾಯಚೂರು ಬಿಸಿಲು

ಅಕ್ಕಾ, ನಮ್ಮ ತಂದೆಯವರನ್ನ ಕರಕೊಂಡು ಹೋಗಿದ್ದೆ. ರಾಯಚೂರಿನಿಂದ ಶಕ್ತಿನಗರ, ಮಖ್ತಲ್, ಮಹಬೂಬ್‌ನಗರದ ಮೇಲೆ ಬಸ್ಸು. ನಾಂಪಲ್ಲಿಯ ಎಗ್ಸಿಬಿಷನ್ ಮೈದಾನದಲ್ಲಿ ಕೊಡೋದು. ಬತ್ತಿನಿ ಗೌಡರ ಮನೆತನ ಅದು, 1845ರಿಂದ ಕೊಡುತ್ತಾ ಬಂದಿದ್ದೇವೆ ಅಂತ ಅವರು ಹೇಳ್ತಾರೆ. ಔಷಧಿಗೆ ದುಡ್ಡಿಲ್ಲ. ಮೀನು ಮಾತ್ರ ನಾವೇ ಕೊಳ್ಳಬೇಕು, ಅಲ್ಲೇ ಮೀನುಗಾರಿಕೆ ಇಲಾಖೆಯವರ ಕೌಂಟರ್ ಇರುತ್ತೆ. ಎರಡು ಮೂರು ಇಂಚಿನ ಜೀವಂತ ಮರಿ, ತೆಲುಗಿನವರು ಕೊರಮೀನು ಅಂತಾರೆ. ಅದರ ಬಾಯಲ್ಲಿ ಹಳದಿ ಮುದ್ದೆ ಇಟ್ಟು, ನಿಮ್ಮ ಬಾಯಿ ತೆರೆಸಿ, ಸೀದಾ ಗಂಟಲಿಗೆ ಬಿಟ್ಟುಬಿಡುತ್ತಾರೆ. ಹಿಂದೆ ಮುಂದೆ ನೋಡೋಕೆ ಟೈಮೇ ಇರೋದಿಲ್ಲ.

ಬೆಲ್ಲದಲ್ಲಿ ಕೊಡೋದು ಖರೇ. ಮೀನು ತಿನ್ನದವರ ಸಾಲು ಬೇರೆ.

ಒಂದು ಮಾತು ಹೇಳಲೇಬೇಕು. ಪಂಪು ಬಿಡಿ ಅಂತ ಮೈದಾನದಲ್ಲಿ ನಮಗೆ ಯಾರೂ ಹೇಳಲಿಲ್ಲ. ಹೇಳಿದವರೆಲ್ಲ ನಮ್ಮ ಜೊತೆ ಬಸ್ಸಿನಲ್ಲಿ ಬಂದವರೇ! ತಂದೆಯವರು ಪಂಪು ಜೇಬಿನಲ್ಲೇ ಇಟ್ಟುಕೊಂಡಿದ್ದರು, ಸಾಲಿನಲ್ಲಿ ನಿಂತಾಗ ಬೇಕೂ ಆಯಿತು. ಜನ, ಸೆಕೆ, ಧೂಳು ಹಂಗಿತ್ತು. ಆಮೇಲೆ ಆರಾಮಾದರಾ ಅಂತ ಕೇಳಿದರೆ, ಮಳೆಗಾಲ ಪೂರ್ತಿ ಆರಾಮಿದ್ದರು. ದೀಪಾವಳಿ ಮುಗಿದ ಮೇಲೆ ಮತ್ತೆ ಶುರುವಾಯಿತು. ಮೂರು ವರ್ಷ ಬಿಡದೆ ತಗೊಂಡರೆ ಮಾತ್ರ ಹೋಗುತ್ತೆ ಅಂತಾರೆ. ನಾವು ಮತ್ತೆ ಹೋಗಲಿಲ್ಲ. ಮನಸ್ಸಿದ್ದರೆ ಹೋಗಿ ಬನ್ನಿ, ಮಗಳನ್ನ ಮಾತ್ರ ಬಿಟ್ಟು ಹೋಗಿ. ಆ ಗದ್ದಲ ಮಕ್ಕಳಿಗಲ್ಲ.

ಗಿಣಿಗೇರಿ ಹುಡುಗ

ಹೈದರಾಬಾದಿಗೆ ಯಾಕೆ ಅಷ್ಟು ದೂರ? ನಮ್ಮ ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲೂ ಮೃಗಶಿರ ಮಳೆ ಕೂಡುವ ಗಳಿಗೆಗೆ ದಮ್ಮಿನ ಔಷಧಿ ಕೊಡ್ತಾರೆ, ದೂರ ದೂರದಿಂದ ಜನ ಬರ್ತಾರೆ. ನಾನೂ ತಗೊಂಡಿದ್ದೆ. ಆಮೇಲೆ ಎಲ್ಲರಿಗಿಂತ ಮೊದಲು ಕೆಮ್ಮಿದವನೂ ನಾನೇ.

ಸಿಂಧನೂರು ಫಿಟ್ಟರ್

ತಂಗಿ, ನಾನು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿ ಜೀವನ ಕಳೆದವನು. ಎಲಿವೇಟರ್ ಗುಂಡಿಯೊಳಗೆ ಇಳಿದು ಬೆಲ್ಟು ಕಟ್ಟಿದ್ದೇನೆ, ಹೊಟ್ಟಿನ ಬ್ಲೋಯರ್ ಬಿಚ್ಚಿದ್ದೇನೆ. ನನಗೂ ದಮ್ಮಿದೆ. ಆದ್ದರಿಂದ ನಿಮ್ಮ ಮನೆಯವರ ವಿಷಯ ಓದಿ ಸುಮ್ಮನೆ ಕೂರಲಾಗಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಮೊದಲು ಮೀನಿನ ಮಾತು. ಮೂರು ವರ್ಷ ಬಿಡದೆ ತಗೊಳ್ಳಬೇಕು ಅಂತಾರಲ್ಲ, ಆ ಲೆಕ್ಕ ಮುಗಿಸಿದವನು ನಾನು. 45 ದಿನದ ಪಥ್ಯವನ್ನೂ ಹೆಂಡತಿ ಕಟ್ಟುನಿಟ್ಟಾಗಿ ಮಾಡಿಸಿದಳು. ಪ್ರತಿ ಸಲವೂ ಜೂನ್ ಜುಲೈ ಆಗಸ್ಟ್ ಆರಾಮ. ಊರಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಮಾತು ಕೇಳಿ ಮಿಲ್ಲಿನ ಹಮಾಲರೂ ಹೋಗಿ ಬಂದರು, ಅವರಿಗೂ ಆರಾಮವೇ.

ನನಗೊಂದು ಅಭ್ಯಾಸ. ಮಷಿನ್ನಿಗೆ ಯಾವತ್ತು ಎಣ್ಣೆ ಬಿಟ್ಟೆ, ಯಾವ ಬೇರಿಂಗ್ ಯಾವತ್ತು ಬದಲಿಸಿದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಎದೆ ಡಾಕ್ಟರು ಹೇಳಿದ್ದಕ್ಕೆ ಮನೆಯ ಕ್ಯಾಲೆಂಡರಿನಲ್ಲಿ ನನ್ನ ಲೆಕ್ಕವನ್ನೂ ಶುರು ಮಾಡಿದೆ. ರಾತ್ರಿ ನೀಲಿ ಪಂಪು ಬೇಕಾದ ದಿನಕ್ಕೆ ಒಂದು ಕೆಂಪು ಚುಕ್ಕೆ. ಅಷ್ಟೇ. ಹಳೆಯ ಕ್ಯಾಲೆಂಡರ್ ಎಸೆಯೋದಿಲ್ಲ, ಹಿಂಬದಿಯಲ್ಲಿ ಮೊಮ್ಮಕ್ಕಳು ಚಿತ್ರ ಬರೀತಾರೆ. ಒಮ್ಮೆ ಅವನ್ನೆಲ್ಲ ಹಾಸಿಗೆ ಮೇಲೆ ಹರವಿಕೊಂಡು ನೋಡಿದೆ.

ಚುಕ್ಕೆ ಎಲ್ಲಾ ಎರಡೇ ಕಡೆ ಗುಂಪಾಗಿವೆ. ನವೆಂಬರ್ ಡಿಸೆಂಬರ್, ಮತ್ತೆ ಏಪ್ರಿಲ್ ಮೇ. ಜೂನಿನ ಹಾಳೆ ಬಿಳಿ.

ನೀವೂ ಕಾಲುವೆ ಊರಿನವರು, ಬಿಡಿಸಿ ಹೇಳಬೇಕಿಲ್ಲ. ನವೆಂಬರಿನಲ್ಲಿ ಮೊದಲ ಬೆಳೆ ಕಟಾವು. ಏಪ್ರಿಲಿನಲ್ಲಿ ಎರಡನೇ ಬೆಳೆ ಕಟಾವು. ಕಟಾವು ಮಷಿನ್ನಿನ ಹಿಂದೆ ಧೂಳು, ಹುಲ್ಲಿಗೆ ಬೆಂಕಿ ಹಚ್ಚಿದ ಹೊಗೆ, ಮಿಲ್ಲಿನ ಮುಂದೆ ರಾತ್ರಿಯೆಲ್ಲಾ ಲಾರಿ ಸಾಲು. ಮೇ ಕೊನೆಗೆ ಇದೆಲ್ಲ ಇಳಿಯುತ್ತೆ. ಆಮೇಲೆ ಮೃಗಶಿರ ಮಳೆ ಬಿದ್ದು ಉಳಿದ ಧೂಳನ್ನೂ ಕೂರಿಸುತ್ತೆ. ಆ ಹೊತ್ತಿಗೆ ಸರಿಯಾಗಿ ನಾವು ಹೈದರಾಬಾದಿನಿಂದ ಬಂದಿರುತ್ತೇವೆ. ಆ ಸಮಯದಲ್ಲಿ ನೀವು ಬೆಲ್ಲ ತಿಂದರೂ ಆರಾಮ, ಬೇವು ತಿಂದರೂ ಆರಾಮ.

ಇದು ಬರೀ ನನ್ನ ತರ್ಕ ಅನ್ನಬೇಡಿ. ಕೊರೋನಾದಿಂದ 2020, 2021, 2022ರಲ್ಲಿ ಹೈದರಾಬಾದಿನಲ್ಲಿ ಮೀನು ಕೊಡಲೇ ಇಲ್ಲ, 2023ಕ್ಕೆ ಮತ್ತೆ ಶುರು ಮಾಡಿದರು. ಆ ಮೂರು ವರ್ಷದ ಜೂನ್ ಹಾಳೆಯೂ ನನ್ನದು ಬಿಳಿಯೇ. "ಆಗ ಎಲ್ಲರೂ ಮಾಸ್ಕ್ ಹಾಕಿದ್ದರಲ್ಲ" ಅಂತ ಮಗ ವಾದ ಹಾಕಿದ. ಇರಲಿ ಅಂದೆ. ಅದಕ್ಕಿಂತ ದೊಡ್ಡ ಸಾಕ್ಷಿ 2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈ ಕೊಟ್ಟು ತುಂಗಭದ್ರಾ ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಏಪ್ರಿಲಿನಲ್ಲಿ ಕಟಾವೇ ಇಲ್ಲ. ನಮ್ಮ ಮಿಲ್ಲು ಬಹುತೇಕ ನಿಂತೇ ಇತ್ತು. ರೈತರ ಹೊಟ್ಟೆಗೆ ಬರೆ ಬಿತ್ತು, ನನ್ನ ಕೂಲಿಗೂ ಕಲ್ಲು ಬಿತ್ತು, ಆದರೆ ಆ ಏಪ್ರಿಲ್ ಮೇ ಹಾಳೆಯಲ್ಲಿ ಹುಡುಕಿದರೂ ಕೆಂಪು ಸಿಗೋದು ಕಷ್ಟ. ಬಿಸಿಲು ಮಾತ್ರ ಎಂದಿಗಿಂತ ಜಾಸ್ತಿಯೇ ಇತ್ತು. ಅದಕ್ಕೇ ನಾನು ಮೀನಿಗೆ ಬೈಯೋದೂ ಇಲ್ಲ, ಕೈ ಮುಗಿಯೋದೂ ಇಲ್ಲ. ನನ್ನ ದಮ್ಮು ಮಿಲ್ಲಿನಲ್ಲಿದೆ.

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮೀನಲ್ಲ, ಆ ಪುಡಿ. ಎರಡೇ ದಿನಕ್ಕೆ ಉಸಿರು ಹಗುರ, ಹಸಿವು ಜಾಸ್ತಿ, ಮುಖ ತುಂಬಿಕೊಂಡಿದೆ ಅಂದಿರಲ್ಲ? ನಮ್ಮ ಮಿಲ್ಲಿನ ಒಬ್ಬ ಹಮಾಲನಿಗೂ ಹೀಗೇ ಆಗಿತ್ತು. ಎಲ್ಲರೂ ಗುಂಡಗಾದ ಅಂತ ಖುಷಿಪಟ್ಟರು. ಆಮೇಲೆ ಕಾಲು ಬಾತು, ಶುಗರ್ ಏರಿ, ಆಸ್ಪತ್ರೆ ಸೇರಿದ. ಡಾಕ್ಟರು ಮೊದಲು ಕೇಳಿದ್ದೇ "ಯಾವ ಪುಡಿ ತಿಂತಿದ್ದೀಯಪ್ಪಾ?" ಅಂತ. ಬೇರು ತೊಪ್ಪಲಿನ ಜೊತೆ ಸ್ಟೆರಾಯ್ಡ್ ಗುಳಿಗೆ ಕುಟ್ಟಿ ಬೆರೆಸೋರು ಇದ್ದಾರೆ. ನಿಮ್ಮದರಲ್ಲಿ ಇದೆ ಅಂತ ನಾನು ಹೇಳೋಕೆ ಆಗೋದಿಲ್ಲ. ಆದರೆ ಗುರುತು ಅದೇ.

ಬಳ್ಳಾರಿ ಬಿಎಎಂಎಸ್

ಫಿಟ್ಟರ್ ಅಣ್ಣನವರ ಕೊನೆಯ ಮಾತಿನಿಂದಲೇ ಶುರು ಮಾಡ್ತೀನಿ. ಅಕ್ಕಾ, ದಯವಿಟ್ಟು ಗಮನ ಇಟ್ಟು ಓದಿ. ಈ ಪುಡಿಯನ್ನ ಇವತ್ತೇ ಕಸಕ್ಕೆ ಹಾಕಬೇಡಿ. ಯುಗಾದಿಯಿಂದ ತಗೊಳ್ಳುತ್ತಿದ್ದಾರೆ ಅಂದರೆ ವಾರಗಳಾಗಿವೆ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಾ ಇದ್ದರೆ ಮೈ ತನ್ನದೇ ಸ್ಟೆರಾಯ್ಡನ್ನ ತಯಾರಿಸೋದು ಕಮ್ಮಿ ಮಾಡುತ್ತೆ. ಒಮ್ಮೆಲೇ ನಿಲ್ಲಿಸಿದರೆ ಸುಸ್ತು, ವಾಂತಿ, ಬಿ.ಪಿ. ಇಳಿಯೋದು, ಜೊತೆಗೆ ದಮ್ಮು ಜೋರಾಗಿ ತಿರುಗಿ ಬರೋದು, ಎಲ್ಲಾ ಆಗಬಹುದು. ಪೊಟ್ಟಣ ಸಮೇತ ಅದೇ ಎದೆ ಡಾಕ್ಟರ ಹತ್ತಿರ ನಾಳೆಯೇ ಹೋಗಿ. ಶುಗರ್, ಬಿ.ಪಿ. ನೋಡಿಸಿ. ಹೇಗೆ ಇಳಿಸಬೇಕು ಅಂತ ಅವರು ಹೇಳ್ತಾರೆ. ಅಲ್ಲಿತನಕ ನೀಲಿ ಪಂಪು ಕೈಗೆ ಸಿಗುವ ಹಾಗೆ ಇರಲಿ. ಮಾತು ಪೂರ್ತಿ ಆಡೋಕೆ ಆಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಪಂಪು ಹೊಡೆದರೂ ತಗ್ಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಸೀದಾ ಆಸ್ಪತ್ರೆಗೆ.

ನಾನು ಬಳ್ಳಾರಿಯ ತಾರಾನಾಥ ಆಯುರ್ವೇದ ಕಾಲೇಜಿನಲ್ಲಿ ಓದಿದವಳು. ರಾಯಚೂರಿನವರಿಗೆ ಪಂಡಿತ ತಾರಾನಾಥರ ಹೆಸರು ಅವರು ಕಟ್ಟಿದ ಹಮ್‌ದರ್ದ್ ಶಾಲೆಯಿಂದ ಗೊತ್ತೇ ಇರುತ್ತೆ. ಅವರ ಹೆಸರಿನ ಕಾಲೇಜಿನಲ್ಲಿ ಓದಿ, ಬರಹವಿಲ್ಲದ ಪೊಟ್ಟಣಕ್ಕೆ ಆಯುರ್ವೇದ ಅಂತ ಜನ ಕರೆಯೋದು ಕೇಳಿದರೆ ನನಗೆ ಸಿಟ್ಟು ಬರುತ್ತೆ. ತಯಾರಿಸಿ ಮಾರುವ ಆಯುರ್ವೇದ ಔಷಧಿಯ ಡಬ್ಬಿ ಮೇಲೆ ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೆ ಏನೇನಿದೆ ಅನ್ನೋ ಪಟ್ಟಿ ಇರಲೇಬೇಕು. ಇನ್ನೊಂದು, ದಮ್ಮು ಬೇರು ಸಮೇತ ಕೀಳ್ತೀವಿ ಅಂತ ಹೇಳಿಕೊಂಡು ಔಷಧಿ ಮಾರೋ ಹಾಗಿಲ್ಲ. ಹಾಗೆ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಔಷಧ ನಿಯಮಗಳ ಜೆ ಶೆಡ್ಯೂಲಿನಲ್ಲಿದೆ, ಅದರಲ್ಲಿ ಅಸ್ತಮಾದ ಹೆಸರಿದೆ.

ಹಂಗಂತ ನಮ್ಮ ಕಡೆ ಏನೂ ಇಲ್ಲ ಅಂತಲ್ಲ. ಈ ಕಾಯಿಲೆಗೆ ನಾವು ತಮಕ ಶ್ವಾಸ ಅಂತೀವಿ. ಆಡುಸೋಗೆ, ಹಿಪ್ಪಲಿ, ನೆಲಗುಳ್ಳ ಇವು ಕಫ ಸಡಿಲ ಮಾಡೋಕೆ ಹಿಂದಿನಿಂದ ಬಂದವು. ಆಡುಸೋಗೆಯಲ್ಲಿರುವ ವಾಸಿಸಿನ್ ಅನ್ನೋ ಅಂಶದ ಜಾಡು ಹಿಡಿದೇ ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಬಂದಿದ್ದು. ಆದರೆ ಕಫ ಸಡಿಲವಾಗೋದು ಬೇರೆ, ಬಾತು ಬಿಗಿದ ಶ್ವಾಸನಾಳ ತೆರೆಯೋದು ಬೇರೆ. ನನ್ನ ಹತ್ತಿರ ಬರೋರಿಗೆ ಪಂಪಿನ ಜೊತೆಗೇ ಲೇಹ್ಯ ಕೊಡ್ತೀನಿ, ಪಂಪಿನ ಬದಲಿಗೆ ಅಲ್ಲ. ಶ್ವಾಸಕುಠಾರ ರಸದಂಥವನ್ನ ಅಂಗಡಿಯಲ್ಲಿ ಕೇಳಿ ತಗೊಂಡು ನುಂಗಬೇಡಿ. ಅದರಲ್ಲಿ ಪಾದರಸ, ಮಣಿಶಿಲೆ (ಆರ್ಸೆನಿಕ್ ಇರುವ ಖನಿಜ), ವತ್ಸನಾಭಿ (ವಿಷದ ಬೇರು) ಇರುತ್ತೆ. ವೈದ್ಯರು ನೋಡಿ ಅಳೆದು ಕೊಡೋ ವಸ್ತು ಅವು.

ಅತ್ತೆಯವರಿಗೆ ಒಂದು ಲೆಕ್ಕ ತೋರಿಸಿ. ದಿನದ ಪಂಪಿನಲ್ಲೂ ಸ್ಟೆರಾಯ್ಡ್ ಇದೆ, ನಿಜ. ಆದರೆ ಅದು ಮೈಕ್ರೋಗ್ರಾಮ್ ಲೆಕ್ಕ, ಒಮ್ಮೆಗೆ 200 ಅಂತಿಟ್ಟುಕೊಳ್ಳಿ. ಸೀದಾ ಶ್ವಾಸನಾಳಕ್ಕೆ ಹೋಗುತ್ತೆ. ಗುಳಿಗೆ ಆದರೆ ಮಿಲಿಗ್ರಾಮ್ ಲೆಕ್ಕ. 1 ಮಿಲಿಗ್ರಾಮ್ ಅಂದರೆ 1000 ಮೈಕ್ರೋಗ್ರಾಮ್. ಚಟ ಅಂತ ಹೆದರಿ ಪಂಪು ಬಿಡಿಸಿ, ಅದರ ಎಷ್ಟೋ ಪಟ್ಟು ಸ್ಟೆರಾಯ್ಡನ್ನ ಪುಡಿಯಲ್ಲಿ ತಿನ್ನಿಸಿದ ಹಾಗೆ ಆಗಿರಬಹುದು.

ಮಗಳಿಗೆ ಮೀನು ಬೇಡವೇ ಬೇಡ. ಜೀವಂತ ಮೀನು ಗಂಟಲಲ್ಲಿ ಅಡ್ಡ ತಿರುಗಿದರೆ ಏನು ಮಾಡ್ತೀರಿ? ಅವಳನ್ನ ಮಕ್ಕಳ ಡಾಕ್ಟರಿಗೆ ತೋರಿಸಿ. ಸೀನಿದ ಮಾತ್ರಕ್ಕೆ ದಮ್ಮು ಅಂತ ಅಲ್ಲ.

ಗಿಣಿಗೇರಿ ಹುಡುಗ

ಫಿಟ್ಟರ್ ಅಣ್ಣಾ, ನಿಮ್ಮ ಕ್ಯಾಲೆಂಡರ್ ಲೆಕ್ಕ ಭಾರಿ ಇದೆ. ಆದರೆ ನಮ್ಮೂರಿಗೆ ಅದು ನಡೆಯೋದಿಲ್ಲ. ಇಲ್ಲಿ ಸ್ಪಾಂಜ್ ಐರನ್ ಫ್ಯಾಕ್ಟರಿಗಳಿವೆ. ಮೊದಲ ಬೆಳೆ ಎರಡನೇ ಬೆಳೆ ಅಂತ ಇಲ್ಲ, ಹನ್ನೆರಡು ತಿಂಗಳೂ ಕರಿ ಧೂಳು. ಮಾಳಿಗೆ ಮೇಲೆ ಸಂಡಿಗೆ ಒಣಹಾಕೋ ಹಾಗಿಲ್ಲ. ನನಗೆ ಮೃಗಶಿರದ ಔಷಧಿ ಯಾಕೆ ಹತ್ತಲಿಲ್ಲ ಅಂತ ಈಗ ಗೊತ್ತಾಯ್ತು!

ಸಿಂಧನೂರು ಫಿಟ್ಟರ್

ತಮ್ಮಾ, ನಿನ್ನ ಹಾಳೆ ಪೂರ್ತಿ ಕೆಂಪೇ ಇರುತ್ತೆ ಬಿಡು. ಮಳೆಗಾಲದಲ್ಲೇ ಜಾಸ್ತಿ ಆಗೋರೂ ಇದ್ದಾರೆ. ನನ್ನ ನಾದಿನಿಗೆ ಗೋಡೆ ತೇವ ಹಿಡಿದು ಬೂಸ್ಟು ಬಂದರೆ ಸಾಕು. ಅವಳು ಮೃಗಶಿರಕ್ಕೆ ಮೀನು ನುಂಗಿ ಬಂದು ಅದೇ ವಾರ ಆಸ್ಪತ್ರೆ ಸೇರಿದ್ದಳು. ಎಲ್ಲರೂ "ಪಥ್ಯ ಕೆಡಿಸಿರಬೇಕು" ಅಂತ ಅವಳನ್ನೇ ಬೈದರು. ಗುಣವಾದರೆ ಔಷಧಿಯ ಹೆಸರು, ಆಗದಿದ್ದರೆ ಸೊಸೆಯ ಹೆಸರು!

ಕಾರಟಗಿ ಸೊಸೆ

ಎಲ್ಲರಿಗೂ ತುಂಬಾ ಉಪಕಾರ. ಗಂಗಾವತಿಗೆ ಹೋಗಿ ಬಂದೆವು. ಪುಡಿ ಮೂಸಿ ನೋಡಿ ಡಾಕ್ಟರು ನಕ್ಕರು, ಬೈಯಲಿಲ್ಲ. ಶುಗರ್ ಜಾಸ್ತಿ ಬಂದಿದೆ, ಮೊದಲು ಇರಲಿಲ್ಲ. ಪುಡಿ ಬಿಡಿಸಿ, ಅದರ ಬದಲು ಲೆಕ್ಕದ ಗುಳಿಗೆ ಬರೆದಿದ್ದಾರೆ, ಅದನ್ನ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕಂತೆ. ಪಂಪು ಮತ್ತೆ ಶುರು. ಇಷ್ಟು ದಿನ ಅವರು ಪಂಪು ಹೊಡೆಯುತ್ತಿದ್ದ ರೀತಿಯೂ ಸರಿ ಇರಲಿಲ್ಲವಂತೆ. ಒತ್ತಿದ ಮೇಲೆ ಉಸಿರು ಎಳೆಯುತ್ತಿದ್ದರು, ಔಷಧಿಯೆಲ್ಲ ಬಾಯಲ್ಲೇ ಉಳಿಯುತ್ತಿತ್ತು. ಈಗ ಸ್ಪೇಸರ್ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ ಹಚ್ಚಿ ತಗೊಳ್ಳೋಕೆ ಕಲಿಸಿದ್ದಾರೆ.

ಅತ್ತೆಯವರ ತಮ್ಮ ಮುನಿಸಿಕೊಂಡಿದ್ದಾರೆ. ಅತ್ತೆಯವರು ಕ್ರೂಸರ್ ಸೀಟು ಬಿಡೋದಿಲ್ಲ ಅಂತ ಕೂತಿದ್ದಾರೆ. ನಮ್ಮ ಬದಲು ತಾವೇ ಮೊಣಕಾಲು ನೋವಿಗೆ ಬೆಲ್ಲದ್ದು ತಗೊಂಡು, ಹಂಗೇ ಬಿರ್ಲಾ ಮಂದಿರ ನೋಡಿಕೊಂಡು ಬರ್ತಾರಂತೆ. ಹೋಗಲಿ ಬಿಡಿ.

ಫಿಟ್ಟರ್ ಅಣ್ಣಾ, ಒಂದು ಕೇಳೋದಿತ್ತು. ಮಿಲ್ಲು ಬಿಡೋಕಂತೂ ಆಗೋದಿಲ್ಲ, ಮಗಳ ಸ್ಕೂಲ್ ಫೀಸು ಇದೆ. ಅಲ್ಲೇ ಇದ್ದುಕೊಂಡು ಏನು ಮಾಡಬಹುದು?

ಸಿಂಧನೂರು ಫಿಟ್ಟರ್

ಬಿಡಿ ಅಂತ ನಾನೂ ಹೇಳೋದಿಲ್ಲ ತಂಗಿ, ನಾನೇ ಬಿಟ್ಟಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ದಪ್ಪ ಧೂಳು ನಿಲ್ಲುತ್ತೆ, ಸಣ್ಣದು ಒಳಗೇ ಹೋಗುತ್ತೆ. ಎನ್95 ಮಾಸ್ಕ್ ಹಾಕಲಿ, ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಲಿ. ಭತ್ತ ಸುರಿಯುವಾಗ ಗಾಳಿ ಬೀಸಿ ಬರುವ ಕಡೆ ನಿಲ್ಲಬೇಕು, ಧೂಳು ಹೋಗುವ ಕಡೆ ಅಲ್ಲ. ಭತ್ತದ ಕ್ಲೀನರ್ ಮಷಿನ್ನಿನ ಪಕ್ಕದಲ್ಲಿ ನಿಂತು ಚೀಲ ಎಣಿಸೋದು ಬೇಡ, ತೂಕದ ಚೀಟಿ ಆಫೀಸಿಗೇ ತರಿಸಿಕೊಳ್ಳಲಿ. ಸಾಹುಕಾರರಿಗೆ ಡಾಕ್ಟರ ಚೀಟಿ ತೋರಿಸಿದರೆ ಇಷ್ಟಕ್ಕೆ ಇಲ್ಲ ಅನ್ನೋದಿಲ್ಲ. ಮನೆಗೆ ಬಂದ ಕೂಡಲೇ ಸ್ನಾನ, ಆ ಅಂಗಿ ಮಲಗುವ ಕೋಣೆಗೆ ಬರಬಾರದು. ದಿನದ ಪಂಪು ತಗೊಂಡ ಮೇಲೆ ನೀರು ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆ ಬಿಳಿ ಕಟ್ಟುತ್ತೆ.

ಮತ್ತೆ ಕಟಾವಿಗೆ ಮುಂಚೆಯೇ, ಅಕ್ಟೋಬರಿನಲ್ಲಿ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಡೋಸ್ ಕೇಳಿಕೊಂಡು ಬನ್ನಿ. ಲಾರಿ ಸಾಲು ಶುರುವಾದ ಮೇಲೆ ಗುಮಾಸ್ತನಿಗೆ ರಜೆ ಯಾರು ಕೊಡ್ತಾರೆ?